ಚಿತ್ರ ಬಂತು, ಧ್ವನಿ ಬರಲಿಲ್ಲ

7ನೇ ತರಗತಿಗೆ ಹೃದಯದ ಪಾಠ. ಪ್ರೊಜೆಕ್ಟರ್‌ಗೆ ಎಚ್‌ಡಿಎಂಐ ಕೇಬಲ್ ಹಾಕಿದೊಡನೆ ಚಿತ್ರ ಬಂತು, ಧ್ವನಿ ಮಾತ್ರ ಇಲ್ಲ. ಸ್ಪೀಕರ್ ಕೆಟ್ಟಿದೆ ಅಂದುಕೊಂಡು ಎರಡು ಪಿರಿಯಡ್ ಕಳೆದೆ. ಆಮೇಲೆ ಗೊತ್ತಾಯಿತು: ಆ ಕೇಬಲ್ ಧ್ವನಿಯನ್ನೂ ಒಯ್ಯುತ್ತದೆ. ಲ್ಯಾಪ್‌ಟಾಪ್ ತಾನಾಗಿಯೇ ಧ್ವನಿಯನ್ನು ಪ್ರೊಜೆಕ್ಟರ್‌ಗೆ ಕಳಿಸುತ್ತಿತ್ತು, ನಮ್ಮ ಪ್ರೊಜೆಕ್ಟರ್‌ನಲ್ಲಿ ಸ್ಪೀಕರೇ ಇಲ್ಲ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ, ಔಟ್‌ಪುಟ್ ಪಟ್ಟಿಯಲ್ಲಿ ಲ್ಯಾಪ್‌ಟಾಪ್ ಸ್ಪೀಕರ್ ಆರಿಸಿದೆ. ಸರಿಹೋಯಿತು.

ನೆಟ್ ಕೈಕೊಡುವ ತಲೆನೋವೂ ಇತ್ತು. ಈಗ ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಸರ್ಕಾರದ ದೀಕ್ಷಾ ಕಲಿಕಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಬೇಕಾದ್ದನ್ನು ಮನೆಯಲ್ಲೇ ಇಳಿಸಿಕೊಂಡಿರುತ್ತೇನೆ.

ಆದರೆ ನಿಜವಾದ ತೊಂದರೆ ಬೇರೆಯೇ. ಮಕ್ಕಳು ಸಿನಿಮಾ ನೋಡಿದ ಹಾಗೆ ನೋಡಿ ಸುಮ್ಮನಾಗುತ್ತಿದ್ದರು. ಮುಂದಿನ ಸಲ, ರಕ್ತ ಬಲ ಹೃತ್ಕುಕ್ಷಿಗೆ (ಹೃದಯದ ಬಲಭಾಗದ ಕೆಳಕೋಣೆಗೆ) ಇಳಿಯುವ ಹೊತ್ತಿಗೆ ಸರಿಯಾಗಿ ವಿಡಿಯೊ ನಿಲ್ಲಿಸಿ, ‘ಇಲ್ಲಿಂದ ಎಲ್ಲಿಗೆ ಹೋಗುತ್ತೆ? ನೋಟ್‌ಬುಕ್‌ನಲ್ಲಿ ಬಾಣ ಹಾಕಿ’ ಅಂದೆ. ಅರ್ಧ ತರಗತಿ ಕೈಕಾಲಿಗೆ ಅಂತು, ಇನ್ನರ್ಧ ಶ್ವಾಸಕೋಶಕ್ಕೆ ಅಂತು. ವಾದವೋ ವಾದ! ಮತ್ತೆ ಪ್ಲೇ ಒತ್ತಿದಾಗ ಎಲ್ಲರ ಕಣ್ಣೂ ಪರದೆಯ ಮೇಲೆ. ಕೊನೆ ಬೆಂಚಿನ ಹುಡುಗಿಯೊಬ್ಬಳು ರಬ್ಬರ್ ತೆಗೆದುಕೊಂಡು, ಯಾರೂ ಹೇಳದೆಯೇ ತನ್ನ ಬಾಣವನ್ನು ಅಳಿಸಿ ಶ್ವಾಸಕೋಶದ ಕಡೆಗೆ ತಿರುಗಿಸಿದಳು.