ಸೇದುವವರೇ ಕಡಿಮೆ ಸತ್ತರೇ? ಅಡಗಿ ಕೂತ ಅಂಶವನ್ನು ಹಿಡಿಯುವುದು ಹೇಗೆ

ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯ ವಿಕಮ್‌ನಲ್ಲಿ 1972–74ರಲ್ಲಿ ಒಂದು ಆರೋಗ್ಯ ಸಮೀಕ್ಷೆ ನಡೆಯಿತು. ಅದರಲ್ಲಿದ್ದ ಮಹಿಳೆಯರ ಪೈಕಿ 20 ವರ್ಷಗಳ ನಂತರ ಎಷ್ಟು ಮಂದಿ ಉಳಿದಿದ್ದಾರೆಂದು ಎಣಿಸಿದಾಗ ಸಿಕ್ಕ ಲೆಕ್ಕ ಇದು: ಸಿಗರೇಟು ಸೇದುತ್ತಿದ್ದ 582 ಮಂದಿಯಲ್ಲಿ 139 ಸಾವು, ಅಂದರೆ ಶೇ 24. ಎಂದೂ ಸೇದದ 732 ಮಂದಿಯಲ್ಲಿ 230 ಸಾವು, ಶೇ 31. ಹಾಗಾದರೆ ಸಿಗರೇಟು ಆಯುಷ್ಯ ಕೊಡುತ್ತದೆಯೇ? ಖಂಡಿತ ಇಲ್ಲ. ಲೆಕ್ಕ ಎಲ್ಲಿ ದಾರಿ ತಪ್ಪಿತು ಎಂದು ಹಂತ ಹಂತವಾಗಿ ನೋಡೋಣ.

ಹಂತ 1: ಅನುಮಾನ ಯಾರ ಮೇಲೆ?

ಹೀಗೆ ಅಡಗಿ ಕೂತು ಹೋಲಿಕೆಯನ್ನು ದಾರಿ ತಪ್ಪಿಸುವ ಅಂಶವೇ ಗೊಂದಲಕಾರಕ ಅಂಶ. ಅದಕ್ಕೆ ಮೂರು ಗುರುತುಗಳಿವೆ. ಅದು ಸ್ವತಃ ಸಾವಿನ ಅಪಾಯವನ್ನು ಹೆಚ್ಚಿಸಬೇಕು ಇಲ್ಲವೇ ತಗ್ಗಿಸಬೇಕು. ಎರಡು ಗುಂಪುಗಳಲ್ಲಿ ಅದರ ಪ್ರಮಾಣ ಬೇರೆ ಬೇರೆ ಇರಬೇಕು. ಅದು ಧೂಮಪಾನದಿಂದ ಹುಟ್ಟಿದ್ದಾಗಿರಬಾರದು. ಇಲ್ಲಿ ವಯಸ್ಸು ಮೂರಕ್ಕೂ ಹೊಂದುತ್ತದೆ. ಸಮೀಕ್ಷೆಯ ಹೊತ್ತಿಗೆ ಸೇದದವರಲ್ಲಿ 65 ದಾಟಿದವರು ಶೇ 26, ಸೇದುವವರಲ್ಲಿ ಶೇ 8 ಮಾತ್ರ. ಸೇದದವರ ಗುಂಪಿನಲ್ಲಿ ಅಜ್ಜಿಯಂದಿರೇ ಹೆಚ್ಚು!

ಹಂತ 2: ವಯಸ್ಸಿನ ಪ್ರಕಾರ ಬಿಡಿಸಿ

ಈಗ ಒಂದೇ ವಯಸ್ಸಿನವರನ್ನು ಹೋಲಿಸಿ. 45–54ರವರಲ್ಲಿ ಸೇದುವವರ ಸಾವು 130ಕ್ಕೆ 27, ಸೇದದವರದು 78ಕ್ಕೆ 12. 55–64ರಲ್ಲಿ 115ಕ್ಕೆ 51 (ಶೇ 44), ಇತ್ತ 121ಕ್ಕೆ 40 (ಶೇ 33). ಚಿತ್ರ ತಿರುಗಿತು. 25–34ರಲ್ಲಿ ಮಾತ್ರ ಸೇದದವರ ಸಾವು ತುಸು ಹೆಚ್ಚು, ಆದರೆ ಅಲ್ಲಿ ಸಾವುಗಳೇ 3 ಮತ್ತು 5. ಅಷ್ಟು ಸಣ್ಣ ಸಂಖ್ಯೆಯ ಮೇಲೆ ತೀರ್ಮಾನ ನಿಲ್ಲದು.

ಹೆಚ್ಚಿನವರು ಎಡವುವುದು ಇಲ್ಲೇ. ಕೆಲಸ ಹಗುರವಾಗಲೆಂದು 55 ದಾಟಿದವರನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ನೋಡಿ: ಸೇದುವವರ ಸಾವು ಶೇ 57, ಸೇದದವರದು ಶೇ 65. ಅದೇ ತಪ್ಪು ಮತ್ತೆ ಬಂತು, ಏಕೆಂದರೆ ಆ ಬುಟ್ಟಿಯೊಳಗೂ ಸೇದದವರೇ ಹೆಚ್ಚು ವಯಸ್ಸಾದವರು. ಹತ್ತು ವರ್ಷಕ್ಕಿಂತ ಅಗಲವಾದ ವರ್ಗ ಇಲ್ಲಿ ಬೇಡ.

ಹಂತ 3: ಮತ್ತೆ ಒಗ್ಗೂಡಿಸಿ

ಸೇದುವವರಿಗೂ ಸೇದದವರಿಗೂ ಬೇರೆ ಬೇರೆಯಾಗಿ, ಪ್ರತಿ ವಯೋವರ್ಗದ ಸಾವಿನ ಪ್ರಮಾಣವನ್ನು ಆ ವರ್ಗದ ಒಟ್ಟು ಮಹಿಳೆಯರ (ಎರಡೂ ಗುಂಪು ಸೇರಿ) ಸಂಖ್ಯೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಸಮೀಕ್ಷೆಯ ಈ ಒಟ್ಟು ಮಹಿಳೆಯರ ಸಂಖ್ಯೆ 1,314ರಿಂದ ಭಾಗಿಸಿ. ಸೇದುವವರಿಗೆ ಶೇ 30.3, ಸೇದದವರಿಗೆ ಶೇ 25.9 ಬರುತ್ತದೆ. ಸೇದುವವರ ಸಾವಿಗೂ ಸೇದದವರ ಸಾವಿಗೂ ಅನುಪಾತ 1.17. ಮೊದಲಿನ ಕಚ್ಚಾ ಲೆಕ್ಕದಲ್ಲಿ ಇದು 0.76 ಇತ್ತು.

ಹಂತ 4: ಯಾವುದನ್ನು ಮುಟ್ಟಬಾರದು

ವಯಸ್ಸನ್ನು ಸರಿದೂಗಿಸಿದಂತೆ ಸಿಕ್ಕ ಅಂಶವನ್ನೆಲ್ಲ ಹೊಂದಾಣಿಕೆಗೆ ಎಳೆಯಬೇಡಿ. ಸಿಗರೇಟಿನಿಂದಲೇ ಹಾಳಾದ ಶ್ವಾಸಕೋಶ ಗೊಂದಲಕಾರಕವಲ್ಲ, ಅದು ಸಿಗರೇಟು ಕೊಲ್ಲುವ ದಾರಿ. ಅದನ್ನು ಸರಿದೂಗಿಸಿದರೆ ನಿಜವಾದ ಹಾನಿಯನ್ನೇ ಅಳಿಸಿದಂತೆ.

ಇನ್ನೊಂದು ಮಾತು, ಸ್ವಂತ ಸಮೀಕ್ಷೆಗೆ ಹೊರಡುವವರಿಗೆ. ಅಳೆಯದೆ ಬಿಟ್ಟದ್ದನ್ನು ಆಮೇಲೆ ಯಾವ ಸೂತ್ರವೂ ಸರಿಪಡಿಸದು. ಶಂಕಿತ ಅಂಶಗಳ ಪಟ್ಟಿ ಪ್ರಶ್ನಾವಳಿ ಅಚ್ಚಾಗುವ ಮೊದಲೇ ಸಿದ್ಧವಿರಲಿ. ವಯಸ್ಸಿನ ಕಾಲಂನಲ್ಲಿ ‘50ಕ್ಕಿಂತ ಮೇಲೆ’ ಎಂದು ಟಿಕ್ ಹಾಕಿಸಬೇಡಿ, ಹುಟ್ಟಿದ ವರ್ಷವನ್ನೇ ಬರೆಸಿಕೊಳ್ಳಿ.