ಪತ್ತನಾಜೆಯ ಮುಂಜಾವಿನಲ್ಲಿ ಕೆರೆಯ ಮೀನು

ಬದಿಯಡ್ಕದ ಸಮೀಪದ ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಹತ್ತು ಸೆಂಟ್ಸಿನ ಕೆರೆಯೊಂದಿದೆ. ಅದರಲ್ಲಿ ಕಾಟ್ಲಾ, ರೋಹು ಮರಿಗಳನ್ನು ಬಿಟ್ಟ ಮೊದಲ ವರ್ಷ, ಅವು ಬೇಗ ಬೆಳೆಯಲೆಂದು ಹಟ್ಟಿಯ ಸಗಣಿ ನೀರನ್ನು ಲೆಕ್ಕವಿಲ್ಲದೆ ಸುರಿದಿದ್ದೆ. ಪತ್ತನಾಜೆಯ (ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ ಕೊನೆಯ ಭಾಗ) ಹೊತ್ತಿಗೆ ನೀರು ಎದೆಮಟ್ಟಕ್ಕೆ ಇಳಿದು ಪಾಚಿಯಿಂದ ಕಡುಹಸಿರಾಗಿತ್ತು. ಮೂರು ದಿನ ಮೋಡ ಕವಿದು, ಮಳೆ ಬಾರದೆ ಸೆಕೆ ಮಾತ್ರ ಉಳಿದಿತ್ತು. ನಾಲ್ಕನೆಯ ದಿನ ಬೆಳಗ್ಗೆ ನೋಡುವಾಗ ದೊಡ್ಡ ಮೀನುಗಳೆಲ್ಲ ಬಾಯಿ ತೆರೆದು, ಕಿವಿರು ಅರಳಿಸಿ ತೇಲುತ್ತಿದ್ದವು. ಸಣ್ಣವು ಇನ್ನೂ ಜೀವ ಹಿಡಿದಿದ್ದವು. ಯಾರೋ ವಿಷ ಹಾಕಿರಬೇಕೆಂದು ನೆರೆಯವರು ಶಂಕಿಸಿದರು. ಉಸಿರು ಕಟ್ಟಿದ ಕೆರೆಯಲ್ಲಿ ಸಾಮಾನ್ಯವಾಗಿ ದೊಡ್ಡ ಮೀನುಗಳೇ ಮೊದಲು ಸಾಯುತ್ತವೆ ಎಂಬುದು ನನಗೆ ಆಗ ತಿಳಿದಿರಲಿಲ್ಲ.

30 ಡಿಗ್ರಿ ಸೆಲ್ಸಿಯಸ್ ಬಿಸಿಯ ಸಿಹಿನೀರು ಗಾಳಿಯಿಂದ ಹೀರಿಕೊಂಡು ಹಿಡಿದಿಡಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 7.5 ಮಿಲಿಗ್ರಾಂ, 20 ಡಿಗ್ರಿಯಲ್ಲಾದರೆ ಅದು ಸುಮಾರು 9 ಮಿಲಿಗ್ರಾಂ. ನೀರು ಬಿಸಿಯಾದಂತೆ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತಲೇ ಹೋಗುತ್ತದೆ. ಹಗಲು ಬಿಸಿಲಿನಲ್ಲಿ ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಅದನ್ನು ಬಳಸುವುದರಿಂದಲೂ, ತಳದಲ್ಲಿ ಸಗಣಿ ಕೊಳೆಯುವಾಗ ಇನ್ನಷ್ಟು ಖರ್ಚಾಗುವುದರಿಂದಲೂ, ಸೂರ್ಯ ಮೂಡುವ ಮೊದಲಿನ ಹೊತ್ತೇ ಮೀನಿಗೆ ಅತ್ಯಂತ ಕಠಿಣವಾದದ್ದು. ಮೋಡ ಮುಸುಕಿದ ದಿನಗಳಲ್ಲಿ ಹಗಲಿನ ಗಳಿಕೆಯೂ ಕುಗ್ಗುತ್ತದೆ.

ಅಂದಿನಿಂದ ಬೇಸಿಗೆಯಲ್ಲಿ ಮುಂಜಾನೆ ನಾಲ್ಕಕ್ಕೆ ಟಾರ್ಚು ಹಿಡಿದು ಕೆರೆಯ ಬದಿಗೆ ಹೋಗುತ್ತೇನೆ. ಮೀನಿಗೆ ಕಷ್ಟವಾಗುತ್ತಿರುವುದರ ಮೊದಲ ಗುರುತು ಹಿಂದಿನ ಸಂಜೆಯೇ ಕಾಣಿಸುತ್ತದೆ: ಅವು ತಿಂಡಿಗೆ ಬರುವುದಿಲ್ಲ. ತಿಂದದ್ದನ್ನು ಅರಗಿಸಲೂ ಆಮ್ಲಜನಕ ಬೇಕಾದ್ದರಿಂದ, ಆಗ ಬಲವಂತವಾಗಿ ತಿಂಡಿ ಎರಚುವುದು ದೊಡ್ಡ ತಪ್ಪೆಂದು ನಾನು ತಿಳಿದಿದ್ದೇನೆ. ಬಳಿಕ ಕಿವಿರಿನ ಮುಚ್ಚಳ ಬೇಗಬೇಗನೆ ಬಡಿಯತೊಡಗುತ್ತದೆ. ಕಿವಿರಿನ ತೆಳುವಾದ ಪದರಗಳಲ್ಲಿ ರಕ್ತವು ನೀರಿನ ಹರಿವಿಗೆ ಎದುರಾಗಿ ಹರಿಯುವುದರಿಂದ ನೀರಿನಲ್ಲಿರುವ ಅಲ್ಪ ಆಮ್ಲಜನಕವನ್ನೂ ಅದು ಸೆಳೆದುಕೊಳ್ಳಬಲ್ಲದು. ಕೊರತೆ ದಿನಗಟ್ಟಲೆ ಮುಂದುವರಿದರೆ ಎಷ್ಟೋ ಜಾತಿಯ ಮೀನುಗಳ ಕೆಂಪು ರಕ್ತಕಣಗಳ ಒಳಗಣ ರಾಸಾಯನಿಕ ಸಮತೋಲವೇ ಬದಲಾಗಿ, ಹಿಮೋಗ್ಲೋಬಿನ್ ಆಮ್ಲಜನಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಇಷ್ಟೂ ಸಾಲದಾದಾಗ ಮೀನು ಮೇಲಕ್ಕೆ ಬಂದು ಬಾಯಿ ಆಡಿಸುತ್ತದೆ. ಗಾಳಿ ಕುಡಿಯುತ್ತಿದೆ ಎಂದು ನಮ್ಮಲ್ಲಿ ಹೇಳುವುದುಂಟು. ಆದರೆ ರೋಹು ಬಾಯಿಗೆ ಎಳೆದುಕೊಳ್ಳುವುದು ಗಾಳಿ ತಾಗಿದ, ಹಾಗಾಗಿ ಆಮ್ಲಜನಕ ಹೆಚ್ಚಿರುವ ಮೇಲ್ಪದರದ ನೀರನ್ನು.

ಹಾಗೆ ಬಾಯಿ ಆಡಿಸುವುದು ಕಂಡೊಡನೆ ತೋಟದ ಪಂಪು ಚಾಲೂ ಮಾಡಿ, ಕೆರೆಯ ನೀರನ್ನೇ ಸ್ಪ್ರಿಂಕ್ಲರ್ ಜೆಟ್ಟುಗಳ ಮೂಲಕ ಕೆರೆಗೆ ಚಿಮ್ಮಿಸುತ್ತೇನೆ. ಬೋರ್‌ವೆಲ್ಲಿನ ನೀರನ್ನು ನೇರವಾಗಿ ಬಿಡುವುದಿಲ್ಲ. ಭೂಮಿಯೊಳಗಿನ ನೀರಿನಲ್ಲಿ ಆಮ್ಲಜನಕ ಅನೇಕ ವೇಳೆ ತೀರ ಕಡಿಮೆ. ಮರಿಗಳ ಸಂಖ್ಯೆಯನ್ನು ಎಂಟುನೂರರಿಂದ ಮುನ್ನೂರೈವತ್ತಕ್ಕೆ ಇಳಿಸಿದ್ದೇನೆ. ಮೊಣಕೈವರೆಗೆ ಕೈ ಮುಳುಗಿಸಿದಾಗ ಅಂಗೈ ಕಾಣದಿದ್ದರೆ ಅಂದಿಗೆ ಸಗಣಿ ನೀರು ಇಲ್ಲ.

ಮೊದಲ ವರ್ಷದ ಆ ಬೆಳಗ್ಗೆ ಏನೂ ಆಗದಂತೆ ಓಡಾಡುತ್ತಿದ್ದದ್ದು ಮಳೆಗಾಲದಲ್ಲಿ ತೋಡಿನಿಂದ ನುಗ್ಗಿದ್ದ ವರಾಲ್ (ಹಾವಿನಂಥ ತಲೆಯ ಮೀನು) ಮಾತ್ರ. ಅದರ ಕಿವಿರಿನ ಮೇಲುಗಡೆ ಗಾಳಿ ತುಂಬಿಕೊಳ್ಳುವ ಗೂಡು ಇರುತ್ತದೆ. ಮುಶಿ ಎಂಬ ಮೀಸೆಯ ಮೀನಿಗೆ ಅಲ್ಲೇ ಮರದ ಕೊಂಬೆಗಳಂತೆ ಕವಲೊಡೆದ ಅಂಗವಿದೆ. ಅವು ನಿಜವಾಗಿಯೂ ಗಾಳಿ ಕುಡಿಯುತ್ತವೆ. ಮರಿಗಳನ್ನು ತಿನ್ನುವ ವರಾಲನ್ನು ಒಮ್ಮೆ ಹಿಡಿದು, ಮರುದಿನ ಬೇರೆ ಗುಂಡಿಗೆ ಬಿಡೋಣವೆಂದು ಬಲೆಯ ಚೀಲದಲ್ಲಿ ಕಟ್ಟಿ, ಕಲ್ಲು ಹೇರಿ ಕೆರೆಯೊಳಗೆ ಪೂರ್ತಿ ಮುಳುಗಿಸಿಟ್ಟೆ. ಸ್ಪ್ರಿಂಕ್ಲರ್ ರಾತ್ರಿಯಿಡೀ ಓಡಿತ್ತು, ರೋಹುಗಳು ಚುರುಕಾಗಿದ್ದವು. ವರಾಲ್ ಮಾತ್ರ ಬೆಳಗಾಗುವಾಗ ಸತ್ತಿತ್ತು. ಮೇಲೆ ಬಂದು ಗಾಳಿ ಕುಡಿಯಲು ನಾನು ಅದಕ್ಕೆ ದಾರಿಯನ್ನೇ ಬಿಟ್ಟಿರಲಿಲ್ಲ.