ಇಂಟರ್‌ಲಾಕ್ ಸಂದಿಗೆ ಮರಳು ತುಂಬಿ ಸೀಲ್ ಮಾಡಿದ್ದು: ನನ್ನ ಅನುಭವ

ಆಯುಧಪೂಜೆ ದಿನ ಬೆಳಿಗ್ಗೆ ಕಾರು ತೊಳೆಯುತ್ತಿದ್ದೆ. ಪೈಪಿನ ನೀರು ಗೇಟಿನ ಕಡೆ ಹರಿಯುವಾಗ ಅದರ ಜೊತೆ ಮರಳೂ ಸಣ್ಣ ಗೆರೆಯಾಗಿ ಮೋರಿಗೆ ಹೋಗುತ್ತಿತ್ತು. ಎಲ್ಲಿಂದ ಅಂತ ನೋಡಿದರೆ ನಮ್ಮ ಇಂಟರ್‌ಲಾಕ್ ಟೈಲ್ಸ್ ಸಂದಿಯಿಂದಲೇ. ಬೈಕಿನ ಕೀ ತೂರಿಸಿ ನೋಡಿದೆ, ಇಡೀ ಕೀ ಒಳಗೆ ಹೋಯಿತು.

ಮನೆ ಇರುವುದು ಮೈಸೂರಿನ ವಿಜಯನಗರ ನಾಲ್ಕನೇ ಹಂತದಲ್ಲಿ. ಗೇಟಿನಿಂದ ಪೋರ್ಟಿಕೋವರೆಗೆ 30 ಅಡಿ ಉದ್ದ, 12 ಅಡಿ ಅಗಲ. ಟೈಲ್ಸ್ ಅಂದರೆ 60 ಮಿ.ಮೀ. ದಪ್ಪದ ಸಿಮೆಂಟ್ ಪೇವರ್, ಒಂದಕ್ಕೊಂದು ಜೋಡಿಸುವ ಅಚ್ಚಿನ ಕಲ್ಲು. ಹಾಕಿಸಿ ಐದು ವರ್ಷ ಆಗಿತ್ತು. ಕಾರು ಒಳಗೆ ಬಂದಾಗೆಲ್ಲ ಗೇಟಿನ ಹತ್ತಿರ ಕಲ್ಲುಗಳು ಕಟಕಟ ಅಂತಿದ್ದವು. ಆ ಸದ್ದಿಗೇ ಮಗಳು ‘ಅಪ್ಪ ಬಂದ್ರು’ ಅಂತ ಬಾಗಿಲು ತೆಗೆಯುತ್ತಿದ್ದಳು. ನಾನೂ ಅದನ್ನು ಕಾಲಿಂಗ್ ಬೆಲ್ ಅಂದುಕೊಂಡು ಸುಮ್ಮನಿದ್ದೆ.

ಪೂರ್ತಿ ಸುಮ್ಮನಿದ್ದೆ ಅನ್ನುವುದೂ ತಪ್ಪು. ಎರಡು ವರ್ಷದ ಹಿಂದೆ ಒಬ್ಬ ಮೇಸ್ತ್ರಿಯನ್ನು ಕರೆಸಿದ್ದೆ. ‘ಸಿಮೆಂಟ್ ಹಾಲು ಬಿಟ್ಟರೆ ಆಯ್ತು ಸಾರ್, ಲೈಫ್‌ಲಾಂಗ್’ ಅಂದರು. ಬಕೆಟ್ಟಿನಲ್ಲಿ ಸಿಮೆಂಟ್ ಕಲಸಿ ಗೇಟಿನ ಕಡೆಯ ಅರ್ಧ ಜಾಗದ ಸಂದಿಗೆಲ್ಲ ಸುರಿದರು. ಮೂರು ತಿಂಗಳು ಚೆನ್ನಾಗಿತ್ತು. ಆಮೇಲೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು, ಆಮೇಲೆ ಸಿಮೆಂಟು ಹಪ್ಪಳದ ಚೂರಿನ ಹಾಗೆ ಎದ್ದು ಬರತೊಡಗಿತು. ಕಲ್ಲಿನ ಮೇಲೆಲ್ಲ ಬಿಳಿ ಕಲೆ ಬೇರೆ.

ಮೇಸ್ತ್ರಿ ಮೇಲೆ ಸಿಟ್ಟು ಬಂದಿದ್ದು ನಿಜ. ಆದರೆ ತಪ್ಪು ಎಲ್ಲಿ ಅಂತ ನನಗೂ ಆಗ ಗೊತ್ತಿರಲಿಲ್ಲ. ಪೇವರ್ ಕಲ್ಲು ಗಟ್ಟಿಯಾಗಿ ಕೂತಿರುವ ನೆಲವಲ್ಲ. ಅದರ ಕೆಳಗೆ ಒಂದಿಂಚು ಮರಳಿನ ಹಾಸು ಇರುತ್ತೆ, ಕಾರು ಹತ್ತಿದಾಗ ಕಲ್ಲು ಕೂದಲೆಳೆಯಷ್ಟು ಅಲುಗುತ್ತೆ, ಬಿಸಿಲಿಗೆ ಹಿಗ್ಗುತ್ತೆ. ಆ ಅಲುಗಾಟಕ್ಕೆ ಸಿಮೆಂಟು ಒಡೆಯುತ್ತೆ, ಮರಳು ಒಡೆಯುವುದಿಲ್ಲ. ಸಂದಿಯಲ್ಲಿ ಮರಳು ಬಿಗಿಯಾಗಿದ್ದರೆ ಒಂದು ಕಲ್ಲಿನ ಮೇಲೆ ಬಿದ್ದ ಭಾರ ಅಕ್ಕಪಕ್ಕದ ಕಲ್ಲಿಗೂ ಹಂಚಿಹೋಗುತ್ತೆ. ದಸರಾ ಟೈಮಲ್ಲಿ ಸಿಟಿ ಬಸ್ಸಿನಲ್ಲಿ ನಿಂತವರನ್ನು ನೋಡಿ. ಬ್ರೇಕ್ ಹಾಕಿದರೂ ಯಾರೂ ಬೀಳುವುದಿಲ್ಲ, ಬೀಳಲು ಜಾಗವೇ ಇರುವುದಿಲ್ಲ. ಬಸ್ಸು ಅರ್ಧ ಖಾಲಿ ಆದಾಗಲೇ ತೂರಾಡುವುದು. ನಮ್ಮ ಗೇಟಿನ ಹತ್ತಿರ ಬಸ್ಸು ಖಾಲಿಯಾಗಿತ್ತು.

ಕೆಲಸ ಮಾಡಿದ್ದು ಫೆಬ್ರವರಿಯಲ್ಲಿ. ಮೈಸೂರಿನಲ್ಲಿ ಅಕ್ಟೋಬರ್ ಅಂದರೆ ಸಂಜೆಯಾದರೆ ಮಳೆ. ಏಪ್ರಿಲ್, ಮೇ ಬಂತೆಂದರೆ ಗುಡುಗು ಮಳೆ. ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ನೆಲ ನಿಜವಾಗಿ ಒಣಗಿರುತ್ತೆ. ಈ ಕೆಲಸದಲ್ಲಿ ಒಣಗಿರುವುದೇ ಎಲ್ಲ.

ಮೊದಲು ಅಂಚು. ಗೇಟಿನ ಕಡೆಯ ಕೊನೆಯ ಸಾಲು ಬೆರಳಿನಷ್ಟು ಹೊರಗೆ ಜರುಗಿತ್ತು. ಹಾಕುವಾಗ ಆ ಕಡೆ ಕಟ್ಟೆಯನ್ನೇ ಕಟ್ಟಿರಲಿಲ್ಲ. ಅಂಚು ಜರುಗಿದರೆ ಹಿಂದಿನ ಸಂದಿಗಳೆಲ್ಲ ಅಗಲ ಆಗುತ್ತವೆ, ಮರಳು ಕೆಳಗಿಳಿಯುತ್ತೆ. ಎಷ್ಟು ತುಂಬಿದರೂ ತೂತು ಬಿಂದಿಗೆಗೆ ನೀರು ಹಾಕಿದ ಹಾಗೆ. ಮೂರು ಸಾಲು ಕಲ್ಲು ಎತ್ತಿ, ಕೆಳಗಿನ ಮರಳು ಸಮ ಮಾಡಿ, ಮತ್ತೆ ಜೋಡಿಸಿ, ಹೊರಗಡೆ ಕಾಂಕ್ರೀಟ್ ಕಟ್ಟೆ ಹಾಕಿಸಿದೆ. ಅದಕ್ಕೆ ಮಾತ್ರ ಆಳು ಕರೆದಿದ್ದು. ಉಳಿದದ್ದು ನಾನೇ.

ಹಳೇ ಸಿಮೆಂಟ್ ತೆಗೆಯುವ ಸುಖ ಶತ್ರುವಿಗೂ ಬೇಡ. ಹಳೇ ಹ್ಯಾಕ್ಸಾ ಬ್ಲೇಡು, ಪೇಂಟಿನವರ ಪಟ್ಟಿ, ಸಣ್ಣ ಉಳಿ ಹಿಡಿದು ಮೊಣಕಾಲಿನ ಕೆಳಗೆ ದಿಂಬು ಹಾಕಿಕೊಂಡು ಎರಡು ಶನಿವಾರ, ಎರಡು ಭಾನುವಾರ ಕೂತೆ. ನಾಲ್ಕು ಕಲ್ಲಿನ ಮೂಲೆ ಹಾರಿತು. ಪಕ್ಕದ ಮನೆಯವರು ‘ಆಸಿಡ್ ಹಾಕಿ, ಐದು ನಿಮಿಷ’ ಅಂದರು. ಹಾಕಲಿಲ್ಲ. ಆಸಿಡ್ ಸಿಮೆಂಟನ್ನು ತಿನ್ನುತ್ತೆ, ಪೇವರ್ ಕೂಡ ಸಿಮೆಂಟೇ ಅಲ್ವಾ? ಬಣ್ಣ ಹೋಗಿ ಒಳಗಿನ ಜಲ್ಲಿ ಹಲ್ಲು ಕಿರಿಯುತ್ತೆ. ಆಯುಧಪೂಜೆಗೆ ಚಕ್ರದ ಕೆಳಗೆ ಇಟ್ಟ ನಿಂಬೆಹಣ್ಣು ಹಿಂಡಿಹೋದ ಜಾಗದಲ್ಲಿ ಕಲ್ಲು ಮಸುಕಾಗಿ ಒರಟಾಗಿರುತ್ತಲ್ಲ, ಅದೇ ಕೆಲಸ ಇದು. ನಿಂಬೆಗಿಂತ ಆಸಿಡ್ ಸಾವಿರ ಪಾಲು ಜೋರು, ಅಷ್ಟೆ.

ಗರಿಕೆ, ಪಾಚಿ ಕಿತ್ತು ನೈಲಾನ್ ಬ್ರಷ್‌ನಲ್ಲಿ ಉಜ್ಜಿದೆ. ಆಮೇಲೆ ಪ್ರೆಶರ್ ವಾಷರ್. ಅದನ್ನು ನೇರವಾಗಿ ಸಂದಿಗೆ ಹಿಡಿಯಬಾರದು, ಕೆಳಗಿನ ಹಾಸಿನ ಮರಳೂ ಎದ್ದು ಬರುತ್ತೆ. ಬೀಸಣಿಗೆಯ ಹಾಗೆ ಹರಡುವ ನಳಿಕೆ ಹಾಕಿ, ಓರೆಯಾಗಿ, ಒಂದಡಿ ದೂರದಿಂದ ಓಡಿಸಿದೆ. ಸಂದಿಯ ಮೇಲಿನ ಒಂದಿಂಚು ಕೊಳಕು ಹೋದರೆ ಸಾಕು. ತೊಳೆದ ಮೇಲೆ ನಾಲ್ಕು ದಿನ ಬಿಸಿಲಿಗೆ ಬಿಟ್ಟೆ. ಕಾರು ರಸ್ತೆಯಲ್ಲಿ.

ಈಗ ಮರಳಿನ ವಿಷಯ. ನನಗೆ ಅತಿ ಜಾಸ್ತಿ ಪಾಠ ಕಲಿಸಿದ್ದು ಇದೇ.

ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸುವ ಮರಳು, ಎಲ್ಲ ಕಡೆ ಸಿಗುತ್ತೆ, ಅಗ್ಗ. ಒಂದು ಮೂಲೆಯಲ್ಲಿ ಹಾಕಿ ನೋಡಿದೆ. ನಾನು ತಂದದ್ದರಲ್ಲಿ ಹಿಟ್ಟಿನಂಥ ಪುಡಿ ತುಂಬಾ ಇತ್ತು. ಅದು ಸಂದಿಯ ಬಾಯಿಗೇ ಮೆತ್ತಿಕೊಂಡು ನಿಲ್ಲುತ್ತೆ, ಮೇಲೆ ತುಂಬಿದ ಹಾಗೆ ಕಾಣುತ್ತೆ, ಕೆಳಗೆ ಖಾಲಿ. ನೀರು ಬಿದ್ದರೆ ಕೆಸರು. ಕಡೆಗೆ ನದಿ ಮರಳನ್ನೇ ಮೂರು ಮೂಟೆ ಹೊಂದಿಸಿದೆ. ಸೊಳ್ಳೆ ಪರದೆಯ ಜಾಲರಿಯನ್ನು ಮರದ ಚೌಕಟ್ಟಿಗೆ ಹೊಡೆದು ಜರಡಿ ಮಾಡಿಕೊಂಡೆ. ಸಂದಿ ಇರುವುದು 3 ಮಿ.ಮೀ. ಆಸುಪಾಸು. ಅದಕ್ಕಿಂತ ಚೆನ್ನಾಗಿ ಸಣ್ಣ ಇರುವ ಕಾಳು ಮಾತ್ರ ತಳದವರೆಗೆ ಇಳಿಯುತ್ತೆ.

ಜರಡಿ ಹಿಡಿದ ಮರಳನ್ನು ತಾರಸಿಯ ಮೇಲೆ ಟಾರ್ಪಾಲಿನಲ್ಲಿ ಹರಡಿ ಎರಡು ದಿನ ಒಣಗಿಸಿದೆ. ಮೊದಲ ರಾತ್ರಿ ಬೀದಿ ಬೆಕ್ಕು ಬಂದು ಅದನ್ನು ತನ್ನ ಪಾಯಿಖಾನೆ ಮಾಡಿಕೊಂಡಿತ್ತು. ಎರಡನೇ ರಾತ್ರಿ ಮುಚ್ಚಿಟ್ಟೆ. ಒಣಗಿದೆಯಾ ಅಂತ ನೋಡಲು ಮುಷ್ಟಿಯಲ್ಲಿ ಹಿಡಿದು ಬಿಡಬೇಕು. ರಾಗಿ ಸುರಿದ ಹಾಗೆ ಬೆರಳ ಸಂದಿಯಿಂದ ಜಾರಬೇಕು. ಉಂಡೆ ನಿಂತರೆ ಇನ್ನೊಂದು ದಿನ.

ತುಂಬುವುದು ಸುಲಭ. ಮರಳು ಚೆಲ್ಲಿ, ಮೆತ್ತನೆ ಪೊರಕೆಯಲ್ಲಿ ಅಡ್ಡಡ್ಡ ಗುಡಿಸುವುದು. ಒಂದೇ ಸಲಕ್ಕೆ ತುಂಬಿತು ಅಂತ ನಂಬಬೇಡಿ. ಬಾಡಿಗೆಗೆ ಪ್ಲೇಟ್ ಕಂಪ್ಯಾಕ್ಟರ್ (ನೆಲವನ್ನು ಅದುರಿಸಿ ಬಿಗಿ ಮಾಡುವ ಯಂತ್ರ) ತಂದು, ಕಲ್ಲು ಒಡೆಯದಿರಲಿ ಅಂತ ಅದರ ತಳಕ್ಕೆ ರಬ್ಬರ್ ಮ್ಯಾಟ್ ಕಟ್ಟಿಸಿ ಓಡಿಸಿದೆ. ಒಂದು ಸುತ್ತು ಮುಗಿಯುವ ಹೊತ್ತಿಗೆ ತುಂಬಿದ್ದ ಸಂದಿಯೆಲ್ಲ ಅರ್ಧ ಇಂಚು ಕೆಳಗೆ! ಸೇರಿನಲ್ಲಿ ಅಕ್ಕಿ ಅಳೆದು ತಟ್ಟಿದರೆ ಇಳಿಯುತ್ತಲ್ಲ, ಹಾಗೆ. ಮತ್ತೆ ಚೆಲ್ಲಿ, ಮತ್ತೆ ಗುಡಿಸಿ, ಮತ್ತೆ ಓಡಿಸಿ. ಮೂರನೇ ಸುತ್ತಿಗೆ ಇಳಿಯುವುದು ನಿಂತಿತು. ಕಲ್ಲಿನ ಅಂಚಿನ ಇಳಿಜಾರು ಮುಗಿಯುವ ಮಟ್ಟಕ್ಕಿಂತ ಒಂದು ಕಾಳಿನಷ್ಟು ಕೆಳಗೆ ಮರಳು ನಿಂತಿರಬೇಕು. ಅಂಚಿನವರೆಗೆ ತುಂಬಿದರೆ ಟೈರಿಗೆ ಅಂಟಿ ಎದ್ದು ಬರುತ್ತೆ.

ಅವತ್ತು ಸಂಜೆ ಕಾರು ಒಳಗೆ ತಂದೆ. ಕಟಕಟ ಇಲ್ಲ. ಮರಳು ಎದ್ದು ಬರದಂತೆ ಮೇಲೆ ಸುರಿಯುವ ಸೀಲರ್ ದ್ರವದ ಡಬ್ಬಿ ಇನ್ನೂ ತೆಗೆದೇ ಇರಲಿಲ್ಲ. ನಿಮ್ಮ ಮನೆಯಲ್ಲಿ ಕಾರು ತೊಳೆಯುವ ಅಭ್ಯಾಸ ಕಡಿಮೆ, ಸಜ್ಜೆಯ ನೀರು ಧಾರೆಯಾಗಿ ಬೀಳುವುದಿಲ್ಲ ಅಂದರೆ ಇಲ್ಲಿಗೇ ನಿಲ್ಲಿಸಬಹುದು. ಸೀಲರ್ ಬರೀ ಮುಚ್ಚಳ. ಕೆಲಸ ಮಾಡುವುದು ಮರಳು. ನಾನು ಮುಂದುವರಿದಿದ್ದು ಎರಡು ಕಾರಣಕ್ಕೆ: ವಾರಕ್ಕೊಮ್ಮೆ ಪೈಪ್ ಹಿಡಿಯುವ ನನ್ನ ಚಟ, ಮತ್ತೆ ಇರುವೆ. ಕಪ್ಪಿರುವೆಗಳು ಸಂದಿಯಿಂದ ಮರಳು ಹೊತ್ತು ತಂದು ಬೆಳಗಾಗುವುದರಲ್ಲಿ ಸಣ್ಣ ಸಣ್ಣ ಗುಡ್ಡೆ ಮಾಡಿರುತ್ತಿದ್ದವು. ಅವುಗಳ ಶ್ರದ್ಧೆ ಯಾವ ಮೇಸ್ತ್ರಿಗೂ ಇಲ್ಲ.

ಅಂಗಡಿಯಲ್ಲಿ ಹೊಳಪಿನ ಡಬ್ಬಿ ತೋರಿಸಿದರು. ಅದು ಮೇಲೆ ಪದರ ಕಟ್ಟುವಂಥದ್ದು, ಮಳೆಯಲ್ಲಿ ಜಾರುತ್ತೆ. ಇನ್ನೊಂದು, ಕಲ್ಲಿನೊಳಗೆ ಇಳಿದು ನೀರು ಹೀರದಂತೆ ಮಾಡುವ ಸಿಲೇನ್-ಸಿಲಾಕ್ಸೇನ್ ಜಾತಿ. ಅದು ಕಲ್ಲಿಗೆ ಒಳ್ಳೆಯದು, ಮರಳನ್ನು ಹಿಡಿದಿಡುವುದಿಲ್ಲ. ನನಗೆ ಬೇಕಿದ್ದದ್ದು ತೆಳ್ಳಗೆ ಸಂದಿಗಿಳಿದು ಮರಳಿನ ಕಾಳುಗಳನ್ನು ಅಂಟಿಸುವ, ಹೊಳಪಿಲ್ಲದ ಅಕ್ರಿಲಿಕ್. 20 ಲೀಟರ್ ಡಬ್ಬಿ ತಂದೆ. ಮೊದಲ ಕೋಟ್‌ಗೆ 10 ಲೀಟರ್, ಎರಡನೆಯದಕ್ಕೆ 6 ಹಿಡಿಯಿತು. ಇನ್ನೊಂದು ಮಾತು. ಹೊಸದಾಗಿ ಹಾಕಿದ ಪೇವರ್ ಮೇಲೆ ಬಿಳಿ ಉಪ್ಪಿನಂಥದ್ದು ಬರುತ್ತಲ್ಲ, ಅದು ಸಿಮೆಂಟಿನ ಸುಣ್ಣ ಮೇಲೆ ಬರುವುದು. ಅದು ನಿಲ್ಲುವವರೆಗೆ, ಎರಡು ಮೂರು ತಿಂಗಳಾದರೂ, ಸೀಲ್ ಮಾಡಬೇಡಿ. ಬಿಳಿ ಒಳಗೇ ಸಿಕ್ಕಿಕೊಳ್ಳುತ್ತೆ.

ಸೀಲರ್ ಹಾಕುವ ಹಿಂದಿನ ರಾತ್ರಿ ಮೂರು ಕಡೆ ಪ್ಲಾಸ್ಟಿಕ್ ಹಾಳೆ ಟೇಪ್ ಹಾಕಿ ಅಂಟಿಸಿಟ್ಟೆ. ಬೆಳಿಗ್ಗೆ ಒಳಗಡೆ ಬೆವರು ಇದ್ದರೆ ನೆಲ ಹಸಿ ಅಂತ ಅರ್ಥ. ಮೂರೂ ಒಣಗಿದ್ದವು. ಮಧ್ಯಾಹ್ನ ಕಲ್ಲು ಕಾದಿರುತ್ತೆ, ಸೀಲರ್ ಇಳಿಯುವ ಮೊದಲೇ ಆರಿಬಿಡುತ್ತೆ. ಹಾಗಾಗಿ ನಾಲ್ಕು ಗಂಟೆಗೆ, ನೆರಳು ಬಿದ್ದ ಮೇಲೆ ಶುರು ಮಾಡಿದೆ. ಸುರಿದು, ರಬ್ಬರ್ ವೈಪರ್‌ನಲ್ಲಿ ಎಳೆದು, ಸಂದಿಗಳಿಗೆ ಕುಡಿಸಿ, ಕಲ್ಲಿನ ಮೇಲೆ ಉಳಿದದ್ದನ್ನು ಮುಂದಕ್ಕೆ ತಳ್ಳುವುದು. ವೈಪರನ್ನು ಒತ್ತಿದರೆ ಮರಳೇ ಎದ್ದು ಬರುತ್ತೆ. ಮೊದಲ ಕೋಟ್ ಆರಿದ ಮೇಲೆ ರೋಲರ್‌ನಲ್ಲಿ ತೆಳ್ಳಗೆ ಎರಡನೇ ಕೋಟ್. ಸೀಲರ್‌ನಲ್ಲಿರುವ ಥಿನ್ನರ್ ವಾಸನೆಗೆ ತಲೆ ಸುತ್ತುತ್ತೆ, ಅದರ ಆವಿಗೆ ಬೆಂಕಿಯೂ ಹತ್ತುತ್ತೆ. ಅವತ್ತು ಸಂಜೆ ತುಳಸಿ ಮುಂದೆ ದೀಪ ಹಚ್ಚಬೇಡಿ ಅಂತ ಅಮ್ಮನಿಗೆ ಹೇಳಿದ್ದಕ್ಕೆ ಮುಖ ಊದಿಸಿಕೊಂಡರು.

ಎರಡು ದಿನ ಕಾರು ಬಿಡಲಿಲ್ಲ. ಮೂರನೇ ದಿನ ಮೊಳೆಯಲ್ಲಿ ಒಂದು ಸಂದಿ ಕೆರೆದೆ. ಒಳ್ಳೆ ಮೈಸೂರು ಪಾಕಿನ ಹಾಗಿತ್ತು: ಕಾಳು ಕಾಳಾಗಿ ಕಾಣುತ್ತೆ, ಆದರೆ ಉದುರುವುದಿಲ್ಲ. ಮುಕ್ಕಾಲು ಇಂಚು ಆಳದವರೆಗೆ ಹಾಗೇ, ಅದರ ಕೆಳಗೆ ಸಡಿಲ ಮರಳು.

ಒಂದು ಕಡೆ ಎಡವಟ್ಟಾಯಿತು. ದಾಸವಾಳದ ಕುಂಡ ಇದ್ದ ಜಾಗ. ಕುಂಡವನ್ನು ಅವತ್ತೇ ಬೆಳಿಗ್ಗೆ ಎತ್ತಿಟ್ಟಿದ್ದೆ, ಪ್ಲಾಸ್ಟಿಕ್ ಹಾಳೆ ಅಲ್ಲಿ ಅಂಟಿಸಿರಲಿಲ್ಲ. ಮೇಲೆ ಒಣಗಿದ ಹಾಗೆ ಕಂಡರೂ ಕೆಳಗೆ ತೇವ ಇತ್ತು. ಎರಡು ದಿನದಲ್ಲಿ ಅಷ್ಟಗಲ ಜಾಗ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಯಿತು. ವಾರ ಬಿಟ್ಟು, ಚೆನ್ನಾಗಿ ಒಣಗಿದ ಮೇಲೆ ಅದೇ ಸೀಲರ್‌ನ ಥಿನ್ನರ್ ತೆಳ್ಳಗೆ ಹಚ್ಚಿದೆ. ಪದರ ಕರಗಿ ತೇವ ಹೊರಟುಹೋಗಿ ಮುಕ್ಕಾಲು ಭಾಗ ಸರಿಯಾಯಿತು. ಉಳಿದದ್ದರ ಮೇಲೆ ಕುಂಡ ಇಟ್ಟಿದ್ದೇನೆ.

ಈಗ ಎರಡು ದಸರಾ ಕಳೆದಿದೆ. ಕುಂಬಳಕಾಯಿ ಒಡೆದ ಕುಂಕುಮದ ನೀರು ಮೊದಲಾದರೆ ತಿಂಗಳುಗಟ್ಟಲೆ ಕೆಂಪಗೆ ಉಳಿಯುತ್ತಿತ್ತು, ಈಗ ಅವತ್ತೇ ತೊಳೆದರೆ ಹೋಗುತ್ತೆ. ಹಬ್ಬ ಮುಗಿದ ಮೇಲೆ ಕೀ ಹಿಡಿದು ಒಂದು ಸುತ್ತು ಹಾಕುತ್ತೇನೆ. ಸಜ್ಜೆಯ ನೀರು ಬೀಳುವ ಸಾಲಿನಲ್ಲಿ ಮಾತ್ರ ಎರಡು ಕಡೆ ಸಡಿಲ ಆಗಿತ್ತು. ಕೆರೆದು, ಮರಳು ತುಂಬಿ, ಉಳಿದಿದ್ದ ಸೀಲರನ್ನು ಹಳೇ ಸಾಂಬಾರ್ ಸೌಟಿನಲ್ಲಿ ಬಿಟ್ಟೆ. ಇರುವೆಗಳು ಕಟ್ಟೆಯ ಆಚೆಗೆ ಸಂಸಾರ ಬದಲಾಯಿಸಿವೆ. ಕಳೆ ಅಪರೂಪಕ್ಕೆ ಒಂದೆರಡು ಹುಟ್ಟುತ್ತೆ. ಅವು ಕೆಳಗಿಂದ ಬರುವುದಲ್ಲ, ಗಾಳಿಗೆ ಬಂದ ಬೀಜ ಸಂದಿಯ ಮೇಲಿನ ಧೂಳಿನಲ್ಲಿ ಬೇರು ಬಿಡುತ್ತವೆ. ದಿನಾ ಗುಡಿಸಿದರೆ ಅದಕ್ಕೂ ಅವಕಾಶ ಇಲ್ಲ. ಮೂರನೇ ವರ್ಷಕ್ಕೆ ಇನ್ನೊಂದು ತೆಳು ಕೋಟ್ ಕೊಡುವ ಯೋಚನೆ ಇದೆ.

ಗೇಟಿನ ಮುಂದೆ ಮೂರಡಿ ಚೌಕ ಮಾತ್ರ ಸೀಲ್ ಮಾಡಿಲ್ಲ. ಅದು ಅಮ್ಮನ ತೀರ್ಮಾನ. ಸೀಲ್ ಆದ ಕಲ್ಲಿನ ಮೇಲೆ ನೀರು ಚಿಮುಕಿಸಿದರೆ ಮುತ್ತು ಮುತ್ತಾಗಿ ನಿಲ್ಲುತ್ತೆ, ರಂಗೋಲಿ ಪುಡಿ ಕಚ್ಚುವುದಿಲ್ಲ, ಗಾಳಿ ಬಂದರೆ ಹಾರಿಹೋಗುತ್ತೆ. ಹಾಗಾಗಿ ಅಲ್ಲಿ ದಿನಾ ಬೆಳಿಗ್ಗೆ ನೀರು ಬೀಳುತ್ತೆ, ದಿನಾ ಒಂದಿಷ್ಟು ಮರಳು ಹೋಗುತ್ತೆ. ನಾನು ಎರಡು ತಿಂಗಳಿಗೊಮ್ಮೆ ಒಂದು ಬೊಗಸೆ ಮರಳು ಗುಡಿಸುತ್ತೇನೆ. ಆ ಚೌಕದ ಸಂದಿಗಳಲ್ಲಿ ಈಗ ಇರುವುದು ಅರ್ಧ ಮರಳು, ಅರ್ಧ ರಂಗೋಲಿ ಪುಡಿ.